ಆ ದಿನ ಶಾಲೆಗೆ ಬರಬೇಡ ಅಂದಿದ್ದೆ

(ಪ್ರಾಥಮಿಕ ಶಾಲಾ ಶಿಕ್ಷಕರು ಮತ್ತು ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸದಸ್ಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

‘ಫಲಿತಾಂಶ ಸುಧಾರಣೆ ಬಗ್ಗೆ ನಾಲ್ಕು ಮಾತಾಡಿ ಮೇಡಂ’ ಅಂತ ನನ್ನನ್ನು ಕರೆದಿದ್ದೀರಿ. ಆ ನಾಲ್ಕು ಮಾತಿಗೆ ಮುಂಚೆ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಬಿಡಬೇಕು. ಅದನ್ನು ಬಚ್ಚಿಟ್ಟುಕೊಂಡು ಈ ವಿಷಯ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ನನ್ನದು. ಒಟ್ಟು 9 ಮಕ್ಕಳು. ಹೊರಗಿನವರು ಬಂದು ಕನ್ನಡ, ಗಣಿತ ಪರೀಕ್ಷೆ ಮಾಡುತ್ತಾರೆ, ಶಾಲೆವಾರು ಪಟ್ಟಿ ಹಾಕುತ್ತಾರೆ ಅನ್ನುವ ಸುದ್ದಿ ಬಂತು. 9ರಲ್ಲಿ 7 ಮಕ್ಕಳ ಬಗ್ಗೆ ನನಗೆ ಧೈರ್ಯವಿತ್ತು. ಉಳಿದ ಇಬ್ಬರಿಗೆ ಇನ್ನೂ ಕಾಗುಣಿತವೇ ಕೂತಿರಲಿಲ್ಲ. ಹಿಂದಿನ ದಿನ ಸಂಜೆ ಗಂಟೆ ಹೊಡೆದ ಮೇಲೆ ಆ ಇಬ್ಬರನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು, ‘ನಾಳೆ ನೀವು ಬರೋದು ಬೇಡ ಕಣ್ರೋ, ಮನೇಲಿರಿ’ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಮಿಸ್ ಹೇಳಿದ ಮೇಲೆ ಮುಗಿಯಿತು.

ಫಲಿತಾಂಶ ಬಂತು. 7ಕ್ಕೆ 7 ಪಾಸು, ಪಟ್ಟಿಯಲ್ಲಿ ನೂರಕ್ಕೆ ನೂರು. ಎಲ್ಲರೂ ಬಂದಿದ್ದರೆ ಶೇ. 78 ಆಗುತ್ತಿತ್ತು. 78 ಇದ್ದದ್ದು 100 ಆಗುವುದಕ್ಕೆ ನಾನು ಯಾವ ಮಗುವಿಗೂ ಒಂದಕ್ಷರ ಹೆಚ್ಚಿಗೆ ಕಲಿಸಿರಲಿಲ್ಲ. ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ನಮ್ಮ ಶಾಲೆಯ ಹೆಸರು ಓದಿ ಚಪ್ಪಾಳೆ ತಟ್ಟಿಸಿದರು. ನಾನೂ ಎದ್ದು ನಿಂತು ಕೈಮುಗಿದೆ.

ಪರೀಕ್ಷೆಯ ಮರುದಿನ ಬೆಳಿಗ್ಗೆ ಶಾಲೆ ಬಾಗಿಲು ತೆಗೆಯುವಾಗ ಆ ಇಬ್ಬರಲ್ಲಿ ಒಬ್ಬ ಗೇಟಿನ ಆಚೆಗೇ ನಿಂತಿದ್ದ. ಹೆಗಲಿಗೆ ಚೀಲ, ತಲೆಗೆ ಎಣ್ಣೆ ಹಚ್ಚಿ ಬಾಚಿದ ಕೂದಲು. ಒಳಗೆ ಬಾರದೆ ಅಲ್ಲಿಂದಲೇ ಕೇಳಿದ: ‘ಮಿಸ್, ಇವತ್ತು ಬರಬೋದಾ?’

ಈ ಮಾತನ್ನು ನಾನು ಯಾವತ್ತೂ ಮರೆತಿಲ್ಲ. ಅವತ್ತು ನಾನು ಕೆಟ್ಟ ಶಿಕ್ಷಕಿ ಆಗಿದ್ದೆ ಅಂತ ನನಗನ್ನಿಸುವುದಿಲ್ಲ. ಆ ಮಕ್ಕಳನ್ನು ಪ್ರೀತಿಸುತ್ತಿದ್ದೆ, ಅವರ ಮನೆಯ ಕಷ್ಟಸುಖ ನನಗೆ ಗೊತ್ತಿತ್ತು. ಆದರೂ ಒಂದು ಪಟ್ಟಿ ಬರುತ್ತದೆ, ಅದನ್ನು ಹತ್ತು ಜನರ ಮುಂದೆ ಓದುತ್ತಾರೆ ಎಂಬ ಭಯ ನನ್ನ ಕೈಯಲ್ಲಿ ಇಂಥ ಕೆಲಸ ಮಾಡಿಸಿತು. ನಾನು ಇವತ್ತು ಹೇಳಬೇಕಾದದ್ದೂ ಇಷ್ಟೇ. ಮಗುವಿಗೆ ಎಲ್ಲಿ ತೊಡಕಾಗಿದೆ ಎಂದು ತಿಳಿಯಲು ಮಾಡುವ ಪರೀಕ್ಷೆಯನ್ನೇ ಶಾಲೆಯ ಮಾನ ಅಳೆಯಲೂ ಬಳಸಿದರೆ, ಆ ಪರೀಕ್ಷೆ ನಿಜ ಹೇಳುವುದನ್ನು ನಿಲ್ಲಿಸುತ್ತದೆ.

ಇದು ನಮ್ಮಲ್ಲಷ್ಟೇ ಆಗುವ ಮಾತಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಟ್ಲಾಂಟಾ ಅಂತ ಊರಿದೆ. 2002ರ ಜನವರಿಯಲ್ಲಿ ಆ ದೇಶದಲ್ಲಿ ಒಂದು ಕಾನೂನು ಬಂತು. 3ರಿಂದ 8ನೇ ತರಗತಿವರೆಗಿನ ಮಕ್ಕಳಿಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ಮಾಡಬೇಕು, 2014ರ ಹೊತ್ತಿಗೆ ಒಂದು ಮಗುವೂ ಹಿಂದುಳಿಯಬಾರದು, ವರ್ಷ ವರ್ಷ ಗುರಿ ಮುಟ್ಟದ ಶಾಲೆಯ ಮೇಲೆ ಕ್ರಮ. ಉದ್ದೇಶ ಒಳ್ಳೆಯದೇ. ಬಡವರ, ಕಪ್ಪುಜನರ ಮಕ್ಕಳನ್ನು ಕಲಿಸದೆ ಮುಂದೆ ತಳ್ಳುತ್ತಿದ್ದಾರೆ ಎಂಬ ಸಂಕಟ ಅದರ ಹಿಂದೆ ಇತ್ತು. ಅಟ್ಲಾಂಟಾದ ಶಾಲೆಗಳ ಅಂಕಗಳು ವರ್ಷದಿಂದ ವರ್ಷಕ್ಕೆ ಏರಿದವು. ಅಲ್ಲಿನ ಶಾಲೆಗಳ ಮುಖ್ಯಸ್ಥೆಗೆ 2009ರಲ್ಲಿ ಇಡೀ ದೇಶದ ವರ್ಷದ ಅತ್ಯುತ್ತಮ ಆಡಳಿತಗಾರ್ತಿ ಎಂಬ ಗೌರವ ಸಿಕ್ಕಿತು.

ಆಮೇಲೆ ಉತ್ತರಪತ್ರಿಕೆಗಳನ್ನು ಯಂತ್ರದಲ್ಲಿ ಹಾಕಿ ನೋಡಿದರು. ಪೆನ್ಸಿಲ್‌ನಲ್ಲಿ ಗೋಲಿ ತುಂಬುವ ಪತ್ರಿಕೆ ಅದು. ಅಳಿಸಿದ ಗುರುತು ಎಲ್ಲಿದೆ, ಯಾವ ಉತ್ತರ ಅಳಿಸಿ ಯಾವುದನ್ನು ತುಂಬಿದ್ದಾರೆ ಎಂಬುದನ್ನು ಯಂತ್ರ ಹಿಡಿಯುತ್ತದೆ. ಮಕ್ಕಳು ಅಳಿಸುವುದು ಸಹಜ. ಸರಿ ಇದ್ದದ್ದನ್ನು ತಪ್ಪು ಮಾಡಿಕೊಳ್ಳುವುದೂ ಉಂಟು. ಇಲ್ಲಿ ಮಾತ್ರ ತಪ್ಪು ಅಳಿಸಿ ಸರಿ ತುಂಬಿದ ಗುರುತುಗಳು ಲೆಕ್ಕಕ್ಕೆ ಮೀರಿ ಇದ್ದವು. 2011ರಲ್ಲಿ ರಾಜ್ಯದ ತನಿಖಾ ವರದಿ ಬಂತು. ಪರಿಶೀಲಿಸಿದ 56 ಶಾಲೆಗಳಲ್ಲಿ 44ರಲ್ಲಿ ಮೋಸ ನಡೆದಿತ್ತು, 178 ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರ ಕೈ ಅದರಲ್ಲಿತ್ತು. ಒಂದು ಪ್ರಾಥಮಿಕ ಶಾಲೆಯವರು ರಜೆಯ ದಿನ ಒಬ್ಬರ ಮನೆಯಲ್ಲಿ ಸೇರಿ ಉತ್ತರ ತಿದ್ದಿದ್ದರು. 2015ರಲ್ಲಿ ನ್ಯಾಯಾಲಯ 11 ಜನರನ್ನು ತಪ್ಪಿತಸ್ಥರೆಂದಿತು.

ಜೈಲು, ಕೇಸು ಎಲ್ಲ ಪೇಪರಿನಲ್ಲಿ ಬಂದವು. ನನಗೆ ಅದಕ್ಕಿಂತ ಸಂಕಟ ತಂದ ವಿಷಯ ಬೇರೆ ಇದೆ. ಓದಲು ಬಾರದ ಮಗುವಿನ ಕಾಗದದಲ್ಲಿ ‘ಓದುತ್ತದೆ’ ಅಂತ ಬಂದಮೇಲೆ, ಹಿಂದುಳಿದವರಿಗೆಂದು ಇದ್ದ ಹೆಚ್ಚುವರಿ ಪಾಠ ಆ ಮಗುವಿನ ಕೈತಪ್ಪಿತು. ಶಾಲೆ ಗೆದ್ದಿತು, ಮಗುವಿಗೆ ಸಿಗಬೇಕಾದ ಸಹಾಯ ಸಿಗಲಿಲ್ಲ. ನನ್ನ ಕ್ಲಾಸಿನ ಆ ಇಬ್ಬರಿಗೂ ನಾನು ಇದನ್ನೇ ಮಾಡಿದ್ದೆ. ಪಟ್ಟಿಯಲ್ಲಿ ನೂರಕ್ಕೆ ನೂರು ಇದ್ದ ಶಾಲೆಗೆ ಓದು ಕಲಿಸುವ ಹೆಚ್ಚಿನ ಸಾಮಗ್ರಿಯನ್ನು ಯಾರು ಕಳಿಸುತ್ತಾರೆ?

ಈಗ ನಮ್ಮ ಕಡೆಗೆ ಬರೋಣ. ಉತ್ತರ ಕರ್ನಾಟಕದ ಹಿರಿಯರಿಗೆ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ನೆನಪಿರಬೇಕು. ಮುಲ್ಕಿ ಪಾಸಾದವರು ಮಾಸ್ತರರಾಗುತ್ತಿದ್ದ ಕಾಲ ಅದು. ಅಂದರೆ ಚಿಕ್ಕ ಮಕ್ಕಳಿಗೆ ದೊಡ್ಡ ಪರೀಕ್ಷೆ ನಮಗೆ ಹೊಸದಲ್ಲ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಇದಕ್ಕೆ ತಡೆ ಬಿತ್ತು. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ, ಯಾರನ್ನೂ ಅದೇ ತರಗತಿಯಲ್ಲಿ ಕೂರಿಸುವಂತಿಲ್ಲ, ವರ್ಷವಿಡೀ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಇರಬೇಕು ಅಂತ ಕಾನೂನು ಹೇಳಿತು. ಮುಂದೆ 2019ರ ತಿದ್ದುಪಡಿಯಲ್ಲಿ 5 ಮತ್ತು 8ನೇ ತರಗತಿಯ ಕೊನೆಗೆ ಪರೀಕ್ಷೆ ಮಾಡಲು, ಫೇಲಾದವರಿಗೆ ಎರಡು ತಿಂಗಳೊಳಗೆ ಇನ್ನೊಂದು ಅವಕಾಶ ಕೊಡಲು, ಆಮೇಲೆ ಬೇಕಾದರೆ ಅಲ್ಲೇ ಉಳಿಸಿಕೊಳ್ಳಲು ರಾಜ್ಯಗಳಿಗೆ ದಾರಿಯಾಯಿತು.

ನಮ್ಮ ರಾಜ್ಯದಲ್ಲಿ ಆಮೇಲೆ ನಡೆದದ್ದನ್ನು ನೀವೆಲ್ಲ ಅನುಭವಿಸಿದ್ದೀರಿ. 5 ಮತ್ತು 8ನೇ ತರಗತಿಗೆ ರಾಜ್ಯಕ್ಕೆಲ್ಲ ಒಂದೇ ಪರೀಕ್ಷೆ ಮಾಡಲು ಸರ್ಕಾರ ಹೊರಟಿತು. 2023ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ಪರೀಕ್ಷೆ ಬೇಡ ಅಂದಿತು, ವಿಭಾಗೀಯ ಪೀಠ ನಡೆಸಿ ಅಂದಿತು. 2024ರ ಮಾರ್ಚ್ ಇನ್ನೂ ಕಷ್ಟದ ತಿಂಗಳು. 6ನೇ ತಾರೀಖು ರದ್ದು, 7ಕ್ಕೆ ಆ ರದ್ದತಿಗೆ ತಡೆ, 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂದು ನಡುವೆಯೇ ನಿಲುಗಡೆ. 22ಕ್ಕೆ ಮತ್ತೆ ಹೈಕೋರ್ಟಿನ ಒಪ್ಪಿಗೆ, 25ಕ್ಕೆ ಉಳಿದ ಪತ್ರಿಕೆಗಳು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಹಾಕಿತು. ಹತ್ತು ವರ್ಷದ ಮಗು ಎರಡು ಪತ್ರಿಕೆ ಬರೆದು, ಎರಡು ವಾರ ಕಾದು, ಉಳಿದದ್ದನ್ನು ಬರೆದು, ಕೊನೆಗೆ ಏನಾಯಿತು ಅಂತ ತಿಳಿಯದೆ ಬೇಸಿಗೆ ರಜೆಗೆ ಹೋಯಿತು. ಪರೀಕ್ಷೆ ಬೇಕು ಅಂದವರನ್ನೂ ಬೇಡ ಅಂದವರನ್ನೂ ನಾನು ದೂರುವುದಿಲ್ಲ. ಎರಡೂ ಕಡೆ ಮಕ್ಕಳ ಹಿತ ಬಯಸುವವರೇ ಇದ್ದರು. ಆದರೆ ಆ ಇಡೀ ತಿಂಗಳ ವಾದದಲ್ಲಿ ‘ಈ ಮಗುವಿಗೆ ಓದಲು ಬರುತ್ತದಾ?’ ಅನ್ನುವ ಪ್ರಶ್ನೆ ನನ್ನ ಕಿವಿಗೆ ಬೀಳಲೇ ಇಲ್ಲ.

ಆ ಪ್ರಶ್ನೆಗೆ ಉತ್ತರ ಪ್ರಶ್ನೆಪತ್ರಿಕೆಯಿಂದ ಅಷ್ಟು ಸುಲಭಕ್ಕೆ ಸಿಗುವುದೂ ಇಲ್ಲ. ನನ್ನ ಕಣ್ಣಾರೆ ಕಂಡ ಎರಡು ಸಂಗತಿ ಹೇಳುತ್ತೇನೆ.

ಮೂರನೇ ತರಗತಿಯ ಒಬ್ಬ ಹುಡುಗ ಪಾಠ ಓದುತ್ತಿದ್ದ. ಗಟ್ಟಿ ದನಿ, ಎಲ್ಲೂ ತಡವರಿಕೆ ಇಲ್ಲ. ನೋಡಲು ಬಂದಿದ್ದ, ಸುತ್ತಲಿನ ಶಾಲೆಗಳ ಮೇಲ್ವಿಚಾರಣೆಯ ಸಿಆರ್‌ಪಿಯವರು ‘ಭೇಷ್’ ಅಂದರು. ನಾನು ಹತ್ತಿರ ಕೂತಿದ್ದರಿಂದ ಅವನ ಬೆರಳು ನನಗೆ ಕಾಣುತ್ತಿತ್ತು. ಬಾಯಿ ನಾಲ್ಕನೇ ಸಾಲಿನಲ್ಲಿದೆ, ಬೆರಳು ಇನ್ನೂ ಎರಡನೇ ಸಾಲಿನಲ್ಲಿದೆ. ಮಗ್ಗುಲಿನ ಪುಟದಲ್ಲಿದ್ದ, ಅವನು ಕೇಳಿಲ್ಲದ ಒಂದು ವಾಕ್ಯ ತೋರಿಸಿ ‘ಇದನ್ನು ಓದಪ್ಪ’ ಅಂದೆ. ಸುಮ್ಮನಾದ. ಆಮೇಲೆ ‘ಅ... ಮ...’ ಅಂದು ನಿಂತ. ಅಲ್ಲಿದ್ದದ್ದು ‘ಅಮ್ಮ’. ಮ ಗೊತ್ತು, ಮಕ್ಕೆ ಮ ಒತ್ತು ಗೊತ್ತಿಲ್ಲ. ಅಂದರೆ ಅವನ ತೊಡಕು ‘ಓದು ಬರುವುದಿಲ್ಲ’ ಅನ್ನುವಷ್ಟು ದೊಡ್ಡದಲ್ಲ. ಒತ್ತಕ್ಷರದ ಒಂದು ಮೆಟ್ಟಿಲಲ್ಲಿ ಅವನ ಕಾಲು ನಿಂತಿದೆ, ಅಷ್ಟೇ. ಎರಡು ವಾರದ ಕೆಲಸ. ನೂರಕ್ಕೆ ಇಷ್ಟು ಎಂಬ ಅಂಕ ನನಗೆ ಆ ಮೆಟ್ಟಿಲನ್ನು ತೋರಿಸುತ್ತಿರಲಿಲ್ಲ.

ಇನ್ನೊಬ್ಬಳು ನಾಲ್ಕನೆಯವಳು. ತಾಯಿ ಸಂತೆಯಲ್ಲಿ ಸೊಪ್ಪು ಮಾರುವವರು. 52ರಲ್ಲಿ 17 ಕಳೆಯಲು ಕೊಟ್ಟಿದ್ದೆ. ಸ್ಲೇಟಿನ ಮೇಲೆ 45 ಬರೆದಿದ್ದಳು. ತಪ್ಪು ಅಂತ ಗೀಟು ಎಳೆದು ಮುಂದೆ ಹೋಗಬಹುದಿತ್ತು. ‘ಹೆಂಗೆ ಮಾಡಿದೆ ಹೇಳವ್ವ’ ಅಂದೆ. ‘2ರಲ್ಲಿ 7 ಹೋಗಲ್ಲ ಮಿಸ್, ಅದ್ಕೆ 7ರಲ್ಲಿ 2 ಕಳ್ದೆ, 5 ಬಂತು. 5ರಲ್ಲಿ 1 ಹೋದ್ರೆ 4’ ಅಂದಳು. ನೋಡಿ, ಅವಳು ಕಣ್ಣುಮುಚ್ಚಿ ಬರೆದದ್ದಲ್ಲ, ಒಂದು ನಿಯಮ ಹಿಡಿದು ಹೋಗಿದ್ದಾಳೆ. ಆ ನಿಯಮ ತಪ್ಪು, ಬುದ್ಧಿ ತಪ್ಪಲ್ಲ. ಆಮೇಲೆ ಕೇಳಿದೆ: ‘ಗಿರಾಕಿ 52 ರೂಪಾಯಿ ಕೊಟ್ರು, ಸೊಪ್ಪು 17 ರೂಪಾಯಿದು. ಎಷ್ಟು ವಾಪಸ್ ಕೊಡ್ತೀಯ?’ ಸ್ಲೇಟು ಮುಟ್ಟಲಿಲ್ಲ. ‘17ಕ್ಕೆ 3 ಹಾಕಿದ್ರೆ 20, ಆಮೇಲೆ 30, ಆಮೇಲೆ 2. ಮೂವತ್ತೈದು’ ಅಂದಳು. ಸಂತೆಯಲ್ಲಿ ಸರಿ, ಸ್ಲೇಟಿನಲ್ಲಿ ತಪ್ಪು. ಅವಳ ಸಂತೆಯ ಲೆಕ್ಕದಿಂದ ಸ್ಲೇಟಿನ ಲೆಕ್ಕಕ್ಕೆ ಒಂದು ಸೇತುವೆ ಕಟ್ಟುವುದೇ ನನ್ನ ಕೆಲಸ. ಈಚೆಗೆ, 2025ರಲ್ಲಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ 1400ಕ್ಕೂ ಹೆಚ್ಚು ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಅಂಗಡಿಯ ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳು ಅದೇ ಥರದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದುಕೊಟ್ಟರೆ ತಡವರಿಸುತ್ತಾರೆ; ಶಾಲೆಯ ಲೆಕ್ಕ ಬಲ್ಲ ಮಕ್ಕಳು ಅಂಗಡಿಯ ಲೆಕ್ಕಕ್ಕೆ ಪರದಾಡುತ್ತಾರೆ. ಅದನ್ನು ಓದಿದಾಗ ನನಗೆ ಈ ಹುಡುಗಿಯೇ ಕಣ್ಣ ಮುಂದೆ ಬಂದಳು.

ಪ್ರಶ್ನೆಪತ್ರಿಕೆಯ ಭಾಷೆಯ ಬಗ್ಗೆಯೂ ಒಂದು ಮಾತು. ‘ಗುಂಪಿಗೆ ಸೇರದ ಪದವನ್ನು ಗುರುತಿಸಿ’ ಅಂತ ಕೊಡುತ್ತೇವೆ. ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ಆಡುವ ಮಗು ‘ಸೇರುವ’, ‘ಸೇರದ’ ಎಂಬ ಎರಡರ ನಡುವಿನ ವ್ಯತ್ಯಾಸದಲ್ಲೇ ಎಡವುತ್ತದೆ. ಹಣ್ಣು ಯಾವುದು, ತರಕಾರಿ ಯಾವುದು ಅದಕ್ಕೆ ಚೆನ್ನಾಗಿಯೇ ಗೊತ್ತು. ತುಳು, ಉರ್ದು, ತೆಲುಗು, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳು ನಮ್ಮ ಶಾಲೆಗಳಲ್ಲಿ ಎಷ್ಟಿಲ್ಲ? ಕನ್ನಡವೇ ಮನೆಮಾತಾದರೂ ‘ಜಳಕ’ ಅನ್ನುವ ಊರಿನ ಮಗುವಿಗೆ ‘ಸ್ನಾನ’ ಮೊದಲ ಸಲ ಪುಸ್ತಕದಲ್ಲೇ ಸಿಗುತ್ತದೆ. ರಾಜ್ಯಕ್ಕೆಲ್ಲ ಒಂದೇ ಪತ್ರಿಕೆ ಮಾಡಿದಾಗ ಈ ಮಕ್ಕಳ ತಿಳಿವಳಿಕೆ ಎಷ್ಟು, ಪತ್ರಿಕೆಯ ಕನ್ನಡದ ಪರಿಚಯ ಎಷ್ಟು ಅನ್ನುವುದು ಒಂದಕ್ಕೊಂದು ಬೆರೆತುಹೋಗುತ್ತದೆ.

ಹಾಗಾದರೆ ದೊಡ್ಡ ಪರೀಕ್ಷೆಗಳೇ ಬೇಡವೇ? ಬೇಕು. ಸರ್ಕಾರಕ್ಕೆ ತನ್ನ ಶಾಲೆಗಳಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗಲೇಬೇಕು. ಆದರೆ ಅದಕ್ಕೆ ಎಲ್ಲ ಮಕ್ಕಳನ್ನೂ ಪರೀಕ್ಷಿಸಬೇಕಿಲ್ಲ. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಚುಕಿದರೆ ಸಾಕಲ್ಲವೇ, ಹಾಗೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ ಅಂಥದ್ದು. 2021ರ ನವೆಂಬರ್ 12ರಂದು ದೇಶದ ಸುಮಾರು 1.18 ಲಕ್ಷ ಶಾಲೆಗಳ 34 ಲಕ್ಷ ಮಕ್ಕಳು ಅದನ್ನು ಬರೆದರು. 2024ರ ಡಿಸೆಂಬರ್ 4ರಂದು ಅದೇ ಪರಖ್ ಎಂಬ ಹೊಸ ಹೆಸರಿನಲ್ಲಿ 3, 6 ಮತ್ತು 9ನೇ ತರಗತಿಗಳಿಗೆ ನಡೆಯಿತು. ಅದರಲ್ಲಿ ಮಗುವಿಗೆ ಪಾಸು ಫೇಲಿಲ್ಲ, ಶಾಲೆಗೆ ರ್‍ಯಾಂಕಿಲ್ಲ. ಜಿಲ್ಲೆ, ರಾಜ್ಯದ ಚಿತ್ರ ಸಿಗುತ್ತದೆ. ಆದರೆ ಅದಕ್ಕೂ ಮುಂಚೆ ಮಾದರಿ ಪತ್ರಿಕೆ ಕೊಟ್ಟು, ಒಎಂಆರ್ ಗೋಲಿ ತುಂಬಿಸುವ ಅಭ್ಯಾಸಕ್ಕೇ ಪಿರಿಯಡ್ ಮೀಸಲಿಟ್ಟದ್ದು ಇಲ್ಲಿ ಕೂತಿರುವ ಶಿಕ್ಷಕರಿಗೆ ಗೊತ್ತು. ಜಿಲ್ಲೆಯ ಹೆಸರು ಕೆಳಗೆ ಹೋಗಬಾರದು ಎಂಬ ಭಯ ಅಲ್ಲಿಗೂ ಬಂದಿದೆ. ಒಂದು ಅಗುಳನ್ನು ಮಾತ್ರ ಬೇರೆ ಒಲೆಯಲ್ಲಿ ಬೇಯಿಸಿ ತಂದು ತೋರಿಸಿದರೆ ಪಾತ್ರೆಯ ಅನ್ನದ ಸಂಗತಿ ಹೇಗೆ ತಿಳಿಯಬೇಕು?

ಹಳ್ಳಿಯ ಮಕ್ಕಳ ಓದು, ಲೆಕ್ಕ ಎಷ್ಟು ಅಂತ ನೋಡುವ, 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಕ್ರಮ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅವರು ಶಾಲೆಗೆ ಬರುವುದಿಲ್ಲ, ಹಳ್ಳಿಯ ಮನೆಗೆ ಹೋಗುತ್ತಾರೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಜಗಲಿಯ ಮೇಲೆ ಮಗುವಿನ ಪಕ್ಕ ಕೂತು ಒಂದು ಹಾಳೆ ತೋರಿಸುತ್ತಾರೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕಥೆ. ಗಡಿಯಾರ ನೋಡುವುದಿಲ್ಲ. ಮಗು ಆರಾಮಾಗಿ ಓದಬಲ್ಲ ಅತಿ ಮೇಲಿನ ಮಟ್ಟ ಯಾವುದೋ ಅದನ್ನು ಬರೆದುಕೊಳ್ಳುತ್ತಾರೆ. ಮನೆಗೇ ಹೋಗುವುದರಿಂದ ‘ನಾಳೆ ಬರಬೇಡ’ ಅಂತ ನನ್ನಂಥವರು ಯಾರನ್ನೂ ಹೊರಗಿಡಲು ಸಾಧ್ಯವಿಲ್ಲ. ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಆ ಕಥೆ ಓದಬಲ್ಲವರು 2018ರಲ್ಲಿ ಶೇ. 44.2 ಇದ್ದರು. ಕೊರೊನಾ ಕಳೆದ ಮೇಲೆ, 2022ರಲ್ಲಿ, ಶೇ. 38.5ಕ್ಕೆ ಇಳಿದರು. 2024ರಲ್ಲಿ ಶೇ. 44.8. ಬಿದ್ದದ್ದು ಮೇಲೆದ್ದಿದೆ ಅಂತ ಸಮಾಧಾನವೂ ಇದೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು ಇನ್ನೂ ಓದುತ್ತಿಲ್ಲ ಎಂಬ ಸಂಕಟವೂ ಇದೆ.

ಎಸ್‌ಡಿಎಂಸಿಯವರು ನನ್ನನ್ನು ಯಾವಾಗಲೂ ಕೇಳುವುದು, ‘ಹೋದ ವರ್ಷ 75 ಪರ್ಸೆಂಟ್ ಇತ್ತು, ಈ ಸಲ 50 ಯಾಕಾಯ್ತು ಮೇಡಂ?’ ಅಂತ. ದಯವಿಟ್ಟು ತರಗತಿಯಲ್ಲಿ ಮಕ್ಕಳೆಷ್ಟು ಅಂತ ಮೊದಲು ನೋಡಿ. ಎಂಟು ಮಕ್ಕಳಿದ್ದರೆ ಒಂದು ಮಗುವಿನ ತೂಕ ಹನ್ನೆರಡೂವರೆ ಪರ್ಸೆಂಟ್. ಒಬ್ಬಳಿಗೆ ಅವತ್ತು ಜ್ವರ, ಇನ್ನೊಬ್ಬನನ್ನು ಅಪ್ಪ ಅಮ್ಮ ಗುಳೆ ಹೋದಾಗ ಮೂರು ತಿಂಗಳು ಕರೆದುಕೊಂಡು ಹೋಗಿದ್ದರು. ಅಷ್ಟಕ್ಕೇ 75 ಹೋಗಿ 50 ಆಗುತ್ತದೆ. ಶಿಕ್ಷಕರು ಅವರೇ, ಪಾಠ ಅದೇ. ಅಮೆರಿಕದ ನಾರ್ತ್ ಕರೋಲಿನಾದಲ್ಲಿ ಶಾಲೆಗಳ ಅಂಕ ನೋಡಿದ ಇಬ್ಬರು ಅರ್ಥಶಾಸ್ತ್ರಜ್ಞರು, ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್, ಇದನ್ನೇ ಕಂಡರು. ಪಟ್ಟಿಯ ತೀರಾ ಮೇಲೆ ಇರುವುದೂ ಸಣ್ಣ ಶಾಲೆಗಳೇ, ತೀರಾ ಕೆಳಗಿರುವುದೂ ಸಣ್ಣ ಶಾಲೆಗಳೇ. ಮಕ್ಕಳು ಕಡಿಮೆ ಇದ್ದಾಗ ಸರಾಸರಿ ಗಾಳಿಗೆ ಸಿಕ್ಕ ಎಲೆಯಂತೆ ಹೊಯ್ದಾಡುತ್ತದೆ. ನಮ್ಮ ಊರಿನ ಶಾಲೆಗಳೆಲ್ಲ ಸಣ್ಣವೇ. ಒಂದು ವರ್ಷದ ಪರ್ಸೆಂಟ್ ನೋಡಿ ಯಾರನ್ನೂ ಹೊಗಳಬೇಡಿ, ಯಾರನ್ನೂ ಬಯ್ಯಬೇಡಿ.

ಅದರ ಬದಲು ಕೇಳಬೇಕಾದದ್ದು ಬೇರೆ ಇದೆ. ‘ಐದನೇ ಕ್ಲಾಸಿನಲ್ಲಿ ಓದಲು ಬಾರದ ಮಕ್ಕಳು ಎಷ್ಟಿದ್ದಾರೆ, ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ, ಅವರಿಗೆ ದಿನಕ್ಕೆ ಒಂದು ಗಂಟೆ ಯಾರು ಕೊಡುತ್ತಾರೆ?’ ಹೆಸರುಗಳನ್ನು ಸಭೆಯಲ್ಲಿ ಓದಿಸಬೇಡಿ, ಶಿಕ್ಷಕರ ಪುಸ್ತಕದಲ್ಲಿ ಇದ್ದರೆ ಸಾಕು. ಕೆಳಗಿನ ತರಗತಿಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿಯ ಅನುಭವ ನಮ್ಮ ಕೈಯಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು ಅದು. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ಇರುತ್ತದೆ, ತನ್ನ ಕಾರ್ಡ್ ತಾನೇ ತೆಗೆದುಕೊಂಡು ತನ್ನ ತಟ್ಟೆಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಕೂರುತ್ತದೆ. ಪ್ರಗತಿ ನೋಟದಲ್ಲಿ ಅದರ ಗುರುತು ಬೀಳುತ್ತದೆ. ಅದೂ ಪರೀಕ್ಷೆಯೇ, ಆದರೆ ಮಗುವಿಗೆ ಅದು ಪರೀಕ್ಷೆ ಅಂತ ಗೊತ್ತೇ ಆಗುವುದಿಲ್ಲ. ತೊಂದರೆ ಆಗುವುದು ನಾಲ್ಕನೇ ತರಗತಿಗೆ ಬಂದಾಗ. ಏಣಿ ಇಲ್ಲ, ಎಲ್ಲರಿಗೂ ಒಂದೇ ಪುಸ್ತಕದ ಒಂದೇ ಪುಟ. ಒತ್ತಕ್ಷರದಲ್ಲಿ ನಿಂತಿದ್ದ ಮಗು ಅಲ್ಲಿಂದ ಯಾರ ಕಣ್ಣಿಗೂ ಬೀಳದೆ ಐದಕ್ಕೆ, ಆರಕ್ಕೆ ಹೋಗುತ್ತದೆ. ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸುವ ಜೂನ್ ತಿಂಗಳ ಸೇತುಬಂಧವನ್ನು ಹದಿನೈದು ದಿನದ ಕಡತದ ಕೆಲಸ ಅಂದುಕೊಳ್ಳದೆ, ನಾಲ್ಕು ಮತ್ತು ಐದನೇ ತರಗತಿಗೆ ವರ್ಷವಿಡೀ ದಿನಕ್ಕೊಂದು ಗಂಟೆಯಾಗಿ ಉಳಿಸಿಕೊಂಡರೆ ಬಹಳ ಮಕ್ಕಳು ದಡ ಸೇರುತ್ತಾರೆ. ಆ ಒಂದು ಗಂಟೆ ತರಗತಿ ನೋಡಬೇಡಿ, ಮಟ್ಟ ನೋಡಿ ಗುಂಪು ಮಾಡಿ.

ಆ ಹುಡುಗನ ಕಥೆ ಅರ್ಧಕ್ಕೆ ಬಿಟ್ಟೆ. ಗೇಟಿನ ಹತ್ತಿರ ಅವನು ಹಾಗೆ ಕೇಳಿದ ದಿನದಿಂದ ಮಧ್ಯಾಹ್ನದ ಊಟ ಆದ ಮೇಲೆ ಅವನನ್ನೂ ಇನ್ನೊಬ್ಬನನ್ನೂ ನನ್ನ ಮೇಜಿನ ಪಕ್ಕ ಕೂರಿಸಿಕೊಳ್ಳಲು ಶುರು ಮಾಡಿದೆ. ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅವಮಾನ ಆಗುತ್ತದೆ ಅಂತ, ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಗೊಬ್ಬರದ ಚೀಲ, ಮದುವೆ ಕಾಗದ ಎಲ್ಲ ತಂದು ಓದಿಸಿದೆ. ಗೊಬ್ಬರದ ಚೀಲದ ಮೇಲಿನ ‘ರಾಸಾಯನಿಕ’ ಎಂಬ ಪದವನ್ನು ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದು ಡಿಸೆಂಬರಿನಲ್ಲಿ. ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ಮಾರ್ಚಿ ಹೊತ್ತಿಗೆ ಎರಡನೇ ತರಗತಿಯ ಪಾಠ ಓದುತ್ತಿದ್ದ, ‘ಸ್ತ್ರ’ದಂಥ ಅಕ್ಷರ ಬಂದಾಗ ನಿಂತು ನನ್ನ ಮುಖ ನೋಡುತ್ತಿದ್ದ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅವನು ಫೇಲಾದ. ಅದು ಐದನೇ ತರಗತಿಯ ಪತ್ರಿಕೆ. ಅಷ್ಟು ದೂರ ಅವನಿನ್ನೂ ಬಂದಿರಲಿಲ್ಲ. ಐದು ತಿಂಗಳಲ್ಲಿ ಕಾಗುಣಿತದಿಂದ ಎರಡನೇ ತರಗತಿಯ ಪಾಠದವರೆಗೆ ನಡೆದುಬಂದ ಹುಡುಗ, ನಾನು ಕಳಿಸಿದ ನಮೂನೆಯಲ್ಲಿ ಮೊದಲು ಲೆಕ್ಕಕ್ಕೇ ಇರಲಿಲ್ಲ, ಆಮೇಲೆ ‘ಅನುತ್ತೀರ್ಣ’. ಆ ಸಲ ನಮ್ಮ ಶಾಲೆ ಪಟ್ಟಿಯಲ್ಲಿ ಕೆಳಗೆ ಹೋಯಿತು. 9 ಮಕ್ಕಳೂ ಬಂದು ಬರೆದಿದ್ದರು.